ಬ್ಯಾಗಿಗೂ ಗೇಜ್ ಮಾಡಿಸಿದೆ: ಏಳು ಕಿಲೋ ಲೆಕ್ಕದಲ್ಲಿ ನನ್ನ ಅನುಭವ

ಡಿಸೆಂಬರ್‌ನಿಂದ ಇಲ್ಲಿಯವರೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಸಲ ವಿಮಾನ ಹತ್ತಿದ್ದೇನೆ. ವಿಮಾನದೊಳಗೆ ಒಯ್ಯುವ ಕ್ಯಾಬಿನ್ ಬ್ಯಾಗ್ ಏಳು ಕಿಲೋ ದಾಟಬಾರದು, ಅಳತೆಯನ್ನೂ ಮೀರಬಾರದು. ಒಂದು ಸಲವೂ ಅದಕ್ಕೆ ಹಣ ಕಟ್ಟಿಲ್ಲ. ಬ್ಯಾಗ್ ಅಳೆಯಲು ಒಂದು ಗೇಜ್, ಅಂದರೆ ಅಳತೆಯ ಚೌಕಟ್ಟು, ಮಾಡಿಸಿದ್ದೇನೆ. ಬೆಳಗಾವಿ ಉದ್ಯಮಬಾಗದ ನಮ್ಮ ಆಫೀಸಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಬ್ಯಾಗಿಗೂ ಗೇಜ್ ಮಾಡಸ್ತಾರೇನ್ರಿ ಯಾರರ?" ಅಂತ ಕ್ವಾಲಿಟಿ ವಿಭಾಗದವರು ಕೇಳಿದ್ದರು. ಈಗ ಪುಣೆಗೆ, ದಿಲ್ಲಿಗೆ ಹೊರಟಾಗ ಅವರೇ ನನ್ನ ಟೇಬಲ್ ಹತ್ತಿರ ಬಂದು ಗೇಜ್ ಕೇಳುತ್ತಾರೆ.

ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಭಾಗ, ಮಾರುವವರ ಕಷ್ಟ ಕಾಸ್ಟಿಂಗ್ ಮಾರುವವರಿಗೇ ಗೊತ್ತು. ಚೆಕ್-ಇನ್‌ನ 15 ಕಿಲೋ ಪೂರ್ತಿ ಸ್ಯಾಂಪಲ್ ಡಬ್ಬಿಗೇ ಹೋಗುತ್ತದೆ. ಬಟ್ಟೆ, ಕಾಗದ, ಡ್ರಾಯಿಂಗ್, ಮಷಿನ್ ಮಾಡಿದ ಒಂದು ಪೀಸ್, ಕಸ್ಟಮರ್ ಮನೆಗೆ ಸಿಹಿ, ಎಲ್ಲಾ ಹೆಗಲ ಮೇಲೆ. ಆ ಬ್ಯಾಗ್ ಮಿತಿ ಮೀರಿ ಗೇಟಿನಲ್ಲಿ ಹೊರಗೆ ಬಿದ್ದರೆ ಅದರ ಪೂರ್ತಿ ತೂಕಕ್ಕೆ ಹಣ ಕಟ್ಟಬೇಕು. ಗೇಜ್ ಮಾಡಿಸುವ ಮುಂಚೆ ನನಗೆ ಮೊದಲ ಸಲ ಆಗಿದ್ದೇ ಅದು. ಎಂಟೂವರೆ ಕಿಲೋ, ಕಿಲೋಗೆ ಐದುನೂರರ ಮೇಲೆ. ನಾಲ್ಕು ಸಾವಿರ ದಾಟಿತು. ಟಿಎ ಬಿಲ್‌ನಲ್ಲಿ ಅದು ಪಾಸ್ ಆಗಲಿಲ್ಲ. ನನ್ನ ಜೇಬಿನಿಂದಲೇ ಹೋಯಿತು.

ಆ ಬ್ಯಾಗ್ ಟ್ರೆಕಿಂಗ್‌ನದ್ದು, 50 ಲೀಟರ್. ಎರಡು ಸಾವಿರದ ಮುನ್ನೂರು ಕೊಟ್ಟಿದ್ದೆ. ಅರ್ಧ ತುಂಬಿದರೆ ನಡೆಯುತ್ತದೆ ಅಂದುಕೊಂಡಿದ್ದೆ. ನಡೆಯಲಿಲ್ಲ. ಬೆನ್ನಿನ ಒಳಗೆ ಅಲ್ಯುಮಿನಿಯಂ ಪಟ್ಟಿ ಇತ್ತು. ಎತ್ತರ 66 ಸೆಂಟಿಮೀಟರ್. ಒಳಗೆ ಏನೂ ಇಲ್ಲದಿದ್ದರೂ ಆ ಪಟ್ಟಿ ಬಗ್ಗುವುದಿಲ್ಲ ಅಲ್ವಾ.

ಎರಡನೇದು ಗಾಲಿ ಇರುವ ಬ್ಯಾಕ್‌ಪ್ಯಾಕ್. ಮೂರು ಸಾವಿರದ ನಾಲ್ಕುನೂರು. ಎಳೆಯಲೂಬಹುದು, ಹೊರಲೂಬಹುದು ಅಂತ ಆಸೆಯಿಂದ ತಗೊಂಡೆ. ಮನೆಗೆ ತಂದು ತೂಗಿದೆ. ಖಾಲಿ ಬ್ಯಾಗೇ ಎರಡು ಕಿಲೋ ಆರುನೂರು ಗ್ರಾಂ! ಏಳರಲ್ಲಿ ಅದನ್ನು ಕಳೆದರೆ ನನಗೆ ಉಳಿಯುವುದು ಎಷ್ಟು? ಆದರೂ ಹಠಕ್ಕೆ ಒಂದು ಸಲ ಒಯ್ದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ತೂಕ ಎಂಟರ ಮೇಲೆ ತೋರಿಸಿತು. ಜಾಕೆಟ್ ಮೈಮೇಲೆ ಹಾಕಿಕೊಂಡೆ. ಕುಂದಾದ ಒಂದು ಕಿಲೋ ಡಬ್ಬಿಯನ್ನು ಬಿಡಲು ಬಂದಿದ್ದ ಡ್ರೈವರ್ ಕೈಗೆ ವಾಪಸ್ ಕೊಟ್ಟು ಕಳಿಸಿದೆ. ಅಹಮದಾಬಾದಿನ ಕಸ್ಟಮರ್ ಪ್ರತಿ ಸಲ ಬಾಯಿಬಿಟ್ಟು ಕೇಳುತ್ತಿದ್ದ ಕುಂದಾ ಅದು. ಬರಿಗೈಯಲ್ಲಿ ಹೋಗಿದ್ದು ನನಗೆ ಇವತ್ತಿಗೂ ಕೆಡುಕೆನಿಸುತ್ತದೆ.

ಮೂರನೇದು ಏಳುನೂರು ರೂಪಾಯಿಯದ್ದು. ಹಗುರ ಇತ್ತು, ಅಳತೆಯೂ ಸರಿ ಇತ್ತು. ಎರಡನೇ ಪ್ರವಾಸಕ್ಕೆ ಹೆಗಲಪಟ್ಟಿಯ ಹೊಲಿಗೆ ಬಿಟ್ಟಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಂಡ, ಬ್ಯಾಗ್, ಎಲ್ಲಾ ಸೇರಿ ಹತ್ತು ಸಾವಿರದ ಮೇಲೆ ಖರ್ಚಾಗಿತ್ತು. ಕೈಯಲ್ಲಿ ಒಂದು ಒಳ್ಳೆ ಬ್ಯಾಗ್ ಇರಲಿಲ್ಲ.

ಆಗ ಹೊಳೆಯಿತು. ಕಾಸ್ಟಿಂಗ್‌ನಲ್ಲಿ ಕೊರೆದ ಒಂದು ಬೋರ್, ಅಂದರೆ ತೂತು, ಸರಿ ಇದೆಯೋ ಇಲ್ಲವೋ ಅಂತ ನಾವು ಕಣ್ಣಳತೆಯಲ್ಲಿ ಹೇಳುತ್ತೇವಾ? ಗೋ-ನೋಗೋ ಗೇಜ್ ಹಾಕುತ್ತೇವೆ. ಗೋ ಬದಿ ಒಳಗೆ ಹೋಗಬೇಕು, ನೋಗೋ ಬದಿ ಹೋಗಬಾರದು, ಇಲ್ಲದಿದ್ದರೆ ರಿಜೆಕ್ಟ್. ಬ್ಯಾಗಿಗೆ ಮಾತ್ರ ಲೇಬಲ್ ನಂಬಿ ಯಾಕೆ ಹಣ ಕೊಡಬೇಕು?

ಪಕ್ಕದ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಆರು ಎಂಎಂ ರಾಡಿನಿಂದ ಒಂದು ಚೌಕಟ್ಟು ಬೆಸುಗೆ ಹಾಕಿಸಿದೆ. ಒಳ ಅಳತೆ 55, 35, 25 ಸೆಂಟಿಮೀಟರ್. ಇಂಡಿಗೋದ ಅಳತೆ ಅದೇ. ಒಟ್ಟು 115. ಆದರೆ ಬರೀ 115 ನೋಡಿ ಮೋಸ ಹೋಗಬೇಡಿ. 60, 30, 25 ಕೂಡಿಸಿದರೂ 115 ಬರುತ್ತದೆ. ಚೌಕಟ್ಟಿಗೆ ಅದು ಇಳಿಯುವುದಿಲ್ಲ. ನಾನು ದಪ್ಪದ ಕಡೆ 25ರ ಬದಲು ಸ್ವಲ್ಪ ಬಿಗಿ ಇಡಿಸಿದ್ದೇನೆ. ಎಷ್ಟು ಅಂತ ಹೇಳುವುದಿಲ್ಲ. ನನ್ನ ಹಾಗೆ ಮೂರು ಬ್ಯಾಗ್ ಹಾಳು ಮಾಡಿಕೊಂಡರೆ ನಿಮಗೂ ಗೊತ್ತಾಗುತ್ತದೆ. ಗೇಜಿಗೆ ಖರ್ಚು ನಾಲ್ಕುನೂರರ ಹತ್ತಿರ.

ಗೇಜ್ ಒಂದೇ ಸಾಲದು. ಖಾಲಿ ಇದ್ದಾಗ ಮೆತ್ತನೆ ಬ್ಯಾಗ್ ಯಾವುದಾದರೂ ಒಳಗೆ ಹೋಗುತ್ತದೆ. ತುಂಬಿ ಅಳೆಯಬೇಕು. ಹೀಗಾಗಿ ಒಂದು ಭಾನುವಾರ ಖಡೇಬಜಾರಿಗೆ ಹೋಗುವಾಗ ಕೈಯಲ್ಲಿ ಗೇಜ್, ಚೀಲದಲ್ಲಿ ಮೂರು ಜೊತೆ ಬಟ್ಟೆ, ಎರಡು ಕಿಲೋ ಕಾಸ್ಟಿಂಗ್, ಜೋಳ ತುಂಬಿದ ಎರಡು ಸಣ್ಣ ಗಂಟು. ಜೊತೆಗೆ ನೇತುಹಾಕಿ ತೂಗುವ ಸ್ಕೇಲ್. ಮೊದಲ ಅಂಗಡಿಯವರು ನೋಡಿ, "ಏನ್ರಿ ಸಾಹೇಬ್ರ, ಬ್ಯಾಗ್ ತಗೊಳ್ಳಾಕ ಬಂದೀರೋ, ಇನ್ಸ್‌ಪೆಕ್ಷನ್‌ಗೆ ಬಂದೀರೋ?" ಅಂದರು. ಎರಡೂ ಅಂದೆ. ಎರಡನೇ ಅಂಗಡಿಯವರು ತುಂಬಲು ಬಿಡಲೇ ಇಲ್ಲ. ಮೂರನೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಇದ್ದರು. "ಮಾಡ್ರಿ, ಮಾಡ್ರಿ. ಹರೀಬ್ಯಾಡ್ರಿ ಅಷ್ಟ" ಅಂದರು.

ಅಲ್ಲಿ ಹದಿನಾಲ್ಕು ಬ್ಯಾಗ್ ನೋಡಿದೆ. ಸುಮಾರು ಮೂರು ತಾಸು ಹಿಡಿಯಿತು. ಅಲ್ಲಿ ಕಲಿತಿದ್ದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ. ಲೀಟರ್ ಲೆಕ್ಕಕ್ಕೆ ಬೆಲೆಯೇ ಇಲ್ಲ. 55, 35, 25 ಗುಣಿಸಿದರೆ 48 ಲೀಟರ್ ಬರುತ್ತದೆ. ಹಾಗಾದರೆ 40 ಲೀಟರ್ ಬ್ಯಾಗ್ ಆರಾಮಾಗಿ ಹೋಗಬೇಕು ಅಲ್ವಾ? ಆರು 40 ಲೀಟರ್ ಬ್ಯಾಗ್‌ಗಳಲ್ಲಿ ಗೇಜಿಗೆ ಇಳಿದಿದ್ದು ಎರಡೇ. ಎತ್ತರ ಎಲ್ಲೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟಿದ್ದು ದಪ್ಪ. ಮುಂದಿನ ಜೇಬು ಹೊರಗೆ ಹೊಲಿದಿದ್ದರೆ, ಅದರಲ್ಲಿ ಒಂದು ಚಾರ್ಜರ್ ಇಟ್ಟರೂ ಹೊಟ್ಟೆ 29, 30ಕ್ಕೆ ಹೋಗುತ್ತದೆ. ಜೇಬು ಬಟ್ಟೆಯ ಒಳಗೆ ಇಳಿದಿರುವ, ಪುಸ್ತಕದ ಹಾಗೆ ಪೂರ್ತಿ ತೆರೆಯುವ ಬ್ಯಾಗ್ ಚಪ್ಪಟೆಯಾಗಿ ನಿಲ್ಲುತ್ತದೆ. ಬದಿಗೆ ಎರಡು ಬಿಗಿಯುವ ಪಟ್ಟಿ ಇರಲೇಬೇಕು.

ತೂಕಕ್ಕೆ ನಾನು ಹಾಕಿಕೊಂಡ ಗೆರೆ ಒಂದು ಕಿಲೋ. ಅದಕ್ಕಿಂತ ಜಾಸ್ತಿ ಇದ್ದರೆ ಎಷ್ಟೇ ಚೆಂದ ಇರಲಿ, ಪಕ್ಕಕ್ಕೆ. ಕೊನೆಗೆ ಸಿಕ್ಕಿದ್ದು 38 ಲೀಟರ್‌ನ ಬೂದು ಬಣ್ಣದ್ದು. 960 ಗ್ರಾಂ. ಎರಡು ಸಾವಿರದ ಇನ್ನೂರು ಹೇಳಿದರು, ಸಾವಿರದ ಒಂಬೈನೂರಕ್ಕೆ ಕೊಟ್ಟರು.

ಅಲ್ಲಿಗೆ ನಿಲ್ಲಿಸಲಿಲ್ಲ. ವಡಗಾವಿಯಲ್ಲಿ ಬ್ಯಾಗ್ ಹೊಲಿಯುವವರ ಹತ್ತಿರ ಒಯ್ದು ಸೊಂಟದ ಪಟ್ಟಿ ಬಿಚ್ಚಿಸಿದೆ. ಮಳೆ ಹೊದಿಕೆ ತೆಗೆದೆ. ಬೆನ್ನಿನ ದಪ್ಪ ಹಾಳೆ ತೆಗೆಸಿ ಬೇರೆ ಒಂದು ವಸ್ತು ಹಾಕಿಸಿದೆ. ಅದು ಏನು ಅಂತ ನಮ್ಮ ಆಫೀಸಿನಲ್ಲೂ ಹೇಳಿಲ್ಲ. ಹೊಲಿಗೆಗೆ ಇನ್ನೂರೈವತ್ತು. ಬ್ಯಾಗ್ 710 ಗ್ರಾಂಗೆ ಇಳಿಯಿತು. ಆ ಕಾಲು ಕಿಲೋ ಅಂದರೆ ಒಂದು ಸಣ್ಣ ಡಬ್ಬಿ ಕುಂದಾ!

ಕುಂದಾ ಅಂದ ಮೇಲೆ ನೆನಪಾಯಿತು. ಸಿಹಿಯ ಮೇಲೂ ಪ್ರಯೋಗ ಮಾಡಿದ್ದೇನೆ. ಕರದಂಟು ಒಣಗಿರುತ್ತದೆ, ಚಪ್ಪಟೆ ಡಬ್ಬಿಯಲ್ಲಿ ಕೂರುತ್ತದೆ. ಕಟಕ ರೊಟ್ಟಿಯನ್ನು ಎರಡು ರಟ್ಟಿನ ನಡುವೆ ಕಟ್ಟಿ ಬೆನ್ನಿನ ಕಡೆ ಇಟ್ಟು ನೋಡಿದೆ. ಇಪ್ಪತ್ತರಲ್ಲಿ ಹದಿನೆಂಟು ಉಳಿದವು, ಬ್ಯಾಗಿನ ಬೆನ್ನೂ ನೆಟ್ಟಗೆ ನಿಂತಿತು. ಗಾಳಿ ಹೀರುವ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಹಾಕುವ ಪ್ರಯೋಗ ಸೋತಿತು. ಬಟ್ಟೆ ಕುಗ್ಗುತ್ತದೆ, ತೂಕ ಕುಗ್ಗುವುದಿಲ್ಲ. ಖಾಲಿ ಜಾಗ ಕಂಡರೆ ನಾವು ಇನ್ನೂ ತುಂಬುತ್ತೇವೆ. ವಾಪಸ್ ಬರುವಾಗ ಲಾಡ್ಜಿನಲ್ಲಿ ಗಾಳಿ ಹೀರುವ ಯಂತ್ರವೂ ಇರುವುದಿಲ್ಲ.

ಅಕ್ಕನ ಮಗ ಯುರೋಪಿನಲ್ಲಿ ಓದುತ್ತಿದ್ದಾನೆ. "ಮಾಮಾ, ನನಗೂ ಒಂದು ಹುಡುಕಿ ಕೊಡ್ರಿ" ಅಂದ. ಅಲ್ಲಿಯ ಲೆಕ್ಕವೇ ಬೇರೆ. ರಯಾನ್‌ಏರ್‌ನಲ್ಲಿ ಉಚಿತ ಚೀಲ ಆಗ 40, 25, 20 ಇತ್ತು. 2025ರಲ್ಲಿ ಅದನ್ನು 40, 30, 20ಕ್ಕೆ ಏರಿಸಿದರು. ಈಸಿಜೆಟ್‌ನಲ್ಲಿ 45, 36, 20. ನಾನು ಬ್ಯಾಗ್ ಅಂಗಡಿಗೆ ಹೋಗದೆ ಶಾಲೆ ಶುರುವಾಗುವ ಹೊತ್ತಿಗೆ ಸ್ಕೂಲ್ ಬ್ಯಾಗ್ ಸಾಲಿನಲ್ಲಿ ಹುಡುಕಿದೆ. ಐದನೇ ಕ್ಲಾಸಿನ ಮಕ್ಕಳ ಬ್ಯಾಗ್ ಹೆಚ್ಚುಕಡಿಮೆ ಅದೇ ಅಳತೆ. ನಾಲ್ಕುನೂರೈವತ್ತಕ್ಕೆ ಕೆಲಸ ಮುಗಿಯಿತು.

ಸಾಂಬ್ರಾದಿಂದ ಹೋಗುವವರಿಗೆ ಇನ್ನೊಂದು ಮಾತು. ಸ್ಟಾರ್ ಏರ್‌ನ ಎಂಬ್ರೇಯರ್ 145 ಸಣ್ಣ ವಿಮಾನ. ಎಡಕ್ಕೆ ಒಂದು ಸೀಟು, ಬಲಕ್ಕೆ ಎರಡು. ತಲೆ ಮೇಲಿನ ಬಿನ್ ಬಲಗಡೆ ಮಾತ್ರ. ಕಿಟಕಿ ಆಸೆಗೆ ಎಡಗಡೆ ಕೂತರೆ ಬ್ಯಾಗ್ ಎದುರಿನ ಸಾಲಿನ ಮೇಲೆ ಇಡಬೇಕು, ಅದೂ ಬೇಗ ಹತ್ತಿದರೆ. ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನದಲ್ಲೂ ಬಿನ್ ಸಣ್ಣದು. ಗಟ್ಟಿ ಟ್ರಾಲಿಯವರು ಅಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಮೆತ್ತನೆ ಬ್ಯಾಗ್ ಒತ್ತಿದರೆ ಕೂರುತ್ತದೆ. ಪವರ್ ಬ್ಯಾಂಕ್ ಕೈಗೆ ಸಿಗುವ ಜೇಬಿನಲ್ಲಿರಲಿ. ಬ್ಯಾಗನ್ನು ಕೆಳಗೆ ಸಾಮಾನಿಗೆ ಕಳಿಸಬೇಕಾಗಿ ಬಂದರೆ ಅದನ್ನು ಮೊದಲು ತೆಗೆದುಕೊಳ್ಳಬೇಕು. ಕಾಸ್ಟಿಂಗ್ ಪೀಸ್ ಕೂಡ ಬ್ಯಾಗಿನ ಮೇಲ್ಭಾಗದಲ್ಲೇ ಇಡಿ. ಎಕ್ಸ್‌ರೇಯಲ್ಲಿ ಕಪ್ಪು ಗಡ್ಡೆ ಕಂಡರೆ ಬ್ಯಾಗ್ ಬಿಚ್ಚಿಸುತ್ತಾರೆ. ನಾನು ಈಗ ಟ್ರೇಯಲ್ಲಿ ಬೇರೆಯಾಗಿಯೇ ಇಡುತ್ತೇನೆ, ಜೊತೆಗೆ ಕಂಪನಿ ಚಲನ್, ಅಂದರೆ ಅದು ಯಾವ ಸಾಮಾನು ಅಂತ ಹೇಳುವ ಚೀಟಿ.

ಈ ಬ್ಯಾಗಿಗೆ ಉಳಿದಿರುವ ಒಂದೇ ತಕರಾರು ಜಿಪ್. ಐದನೇ ನಂಬರಿನ ಸಣ್ಣ ಹಲ್ಲಿನದ್ದು, ಮೂಲೆಯಲ್ಲಿ ಹಲ್ಲು ಬಿಡುತ್ತಿದೆ. ಎಂಟನೇ ನಂಬರಿನ ದಪ್ಪ ಜಿಪ್ ತಂದು ಇಟ್ಟಿದ್ದೇನೆ. ಮೂವತ್ತು ಗ್ರಾಂ ಜಾಸ್ತಿ ಆಗುತ್ತದೆ. ಮುಂದಿನ ವಾರ ವಡಗಾವಿಗೆ ಹೋಗಿ ಹಾಕಿಸುತ್ತೇನೆ.