ಮೀನೆಣ್ಣೆ ಮಾತ್ರೆ: ಡಬ್ಬಿಯ ಹಿಂಭಾಗ ಓದಿ, ಆಮೇಲೆ ಬಾಯಿಗೆ ಹಾಕಿ

ಕಳೆದ ದಸರಾ ಹೊತ್ತಿಗೆ ನಮ್ಮ ಚಿಕ್ಕಮ್ಮನ ಮಗ ಅಮೆರಿಕದಿಂದ ಬಂದಿದ್ದ. ಸೂಟ್‌ಕೇಸ್ ಬಿಚ್ಚಿದಾಗ ಬಾದಾಮಿ, ಚಾಕೊಲೇಟ್ ಜೊತೆಗೆ ಒಂದು ದೊಡ್ಡ ಡಬ್ಬಿಯೂ ಹೊರಗೆ ಬಂತು. ಒಳಗೆ 400 ಕ್ಯಾಪ್ಸೂಲ್. ‘ಹಾರ್ಟಿಗೆ ಒಳ್ಳೇದಮ್ಮ, ದಿನಾ ಎರಡು ತಗೋ’ ಎಂದು ಹೇಳಿ ಹೋದ. ಮೂರು ತಿಂಗಳ ನಂತರ ನಾನು ಅವರ ಮನೆಗೆ ಹೋದಾಗ ಆ ಡಬ್ಬಿ ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿ, ಸಾರಿನ ಪುಡಿ ಡಬ್ಬದ ಪಕ್ಕ ಕೂತಿತ್ತು. ಚಿಕ್ಕಮ್ಮ ಮೊಟ್ಟೆಯನ್ನೂ ಮುಟ್ಟದವರು. ಅದು ಮೀನಿನ ಎಣ್ಣೆ ಎಂದು ಅವರಿಗೆ ಗೊತ್ತೇ ಇರಲಿಲ್ಲ, ವಿಟಮಿನ್ ಮಾತ್ರೆ ಅಂದುಕೊಂಡಿದ್ದರು. ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾಗಿದೆ, ರಕ್ತ ತೆಳು ಮಾಡುವ ಮಾತ್ರೆ ದಿನಾ ತಗೊಳ್ತಾರೆ. ಈ ಹೊಸ ಕ್ಯಾಪ್ಸೂಲಿನ ವಿಷಯ ಡಾಕ್ಟರಿಗೆ ಹೇಳಿಯೇ ಇರಲಿಲ್ಲ.

ಇಂಥ ಡಬ್ಬಿ ಈಗ ಎಷ್ಟೋ ಮನೆಗಳಲ್ಲಿದೆ. ಮಗನೋ ಮಗಳೋ ಪ್ರೀತಿಯಿಂದ ತಂದುಕೊಟ್ಟಿರುತ್ತಾರೆ, ಇಲ್ಲವೇ ಜಿಮ್‌ನಲ್ಲಿ ಯಾರೋ ಹೇಳಿರುತ್ತಾರೆ. ನುಂಗುವ ಮೊದಲು ಏನೇನು ನೋಡಬೇಕು, ದುಡ್ಡು ಕೊಟ್ಟು ತಗೊಳ್ಳುವಷ್ಟು ಪ್ರಯೋಜನ ಇದೆಯಾ? ಒಂದೊಂದಾಗಿ ನೋಡೋಣ.

1. ನನಗೆ ಇದು ಯಾಕೆ ಬೇಕು? ಮೊದಲು ಕೇಳಿಕೊಳ್ಳಿ

ಮೀನೆಣ್ಣೆಯಲ್ಲಿ ನಮಗೆ ಬೇಕಾದದ್ದು ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳು. 1970ರ ದಶಕದಲ್ಲಿ ಬ್ಯಾಂಗ್ ಮತ್ತು ಡೈರ್‌ಬರ್ಗ್ ಎಂಬ ಡೆನ್ಮಾರ್ಕಿನ ಸಂಶೋಧಕರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತ ಪರೀಕ್ಷೆ ಮಾಡಿದರು. ಮೀನು, ಸೀಲ್ ಮಾಂಸವನ್ನೇ ತಿಂದು ಬದುಕುವ ಈ ಜನರಿಗೆ ಹೃದಯಾಘಾತ ಕಡಿಮೆ, ಅದಕ್ಕೆ ಈ ಕೊಬ್ಬೇ ಕಾರಣ ಇರಬಹುದು ಎಂದರು. ಮೀನೆಣ್ಣೆಯ ಮೇಲಿನ ನಂಬಿಕೆ ಬಲವಾದದ್ದು ಅಲ್ಲಿಂದ. 1999ರಲ್ಲಿ ಇಟಲಿಯ ಒಂದು ದೊಡ್ಡ ಪ್ರಯೋಗ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಹೃದಯಾಘಾತವಾಗಿ ಬದುಕುಳಿದ 11,000ಕ್ಕೂ ಜಾಸ್ತಿ ಜನರಲ್ಲಿ, ದಿನಕ್ಕೆ ಸುಮಾರು 1 ಗ್ರಾಂ ಒಮೆಗಾ-3 ತಗೊಂಡವರ ಪೈಕಿ ಸಾವು ಕಡಿಮೆ ಇತ್ತು.

ಆದರೆ ಆಗ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಳಕೆ ಇಂದಿನಷ್ಟು ಇರಲಿಲ್ಲ. ಚಿಕಿತ್ಸೆ ಸುಧಾರಿಸಿದ ಮೇಲೆ ನಡೆದ ಪ್ರಯೋಗಗಳ ಕಥೆ ಬೇರೆ. ಅಮೆರಿಕದ ‘ವೈಟಲ್’ ಪ್ರಯೋಗದಲ್ಲಿ 50 ದಾಟಿದ 25,871 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ದಿನಕ್ಕೊಂದು ಕ್ಯಾಪ್ಸೂಲಿನಿಂದ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಮೂರನ್ನೂ ಒಟ್ಟು ಸೇರಿಸಿ ನೋಡಿದರೆ ಕಡಿಮೆಯಾಗಲಿಲ್ಲ, ಕ್ಯಾನ್ಸರೂ ಕಡಿಮೆಯಾಗಲಿಲ್ಲ ಎಂದು 2018ರಲ್ಲಿ ಗೊತ್ತಾಯಿತು. ಮೀನು ತೀರಾ ಕಡಿಮೆ ತಿನ್ನುವವರಲ್ಲಿ ಸ್ವಲ್ಪ ಲಾಭದ ಸುಳಿವು ಸಿಕ್ಕಿತು, ಆದರೆ ಅದು ಸುಳಿವು ಅಷ್ಟೇ. ಅದೇ ವರ್ಷ ಬ್ರಿಟನ್ನಿನಲ್ಲಿ 15,480 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ‘ಅಸೆಂಡ್’ ಪ್ರಯೋಗದ ಫಲಿತಾಂಶವೂ ಬಂತು. ಅಲ್ಲಿ ಅರ್ಧ ಜನರಿಗೆ ಮೀನೆಣ್ಣೆ, ಅರ್ಧ ಜನರಿಗೆ ಆಲಿವ್ ಎಣ್ಣೆ ತುಂಬಿದ ಕ್ಯಾಪ್ಸೂಲ್ ಕೊಟ್ಟಿದ್ದರು. ಹೃದಯದ ಮಟ್ಟಿಗೆ ಎರಡೂ ಗುಂಪು ಒಂದೇ.

ಆರೋಗ್ಯವಾಗಿದ್ದು ‘ಇರಲಿ ಅಂತ’ ನುಂಗುವವರಿಗೆ ನನ್ನ ನೇರ ಮಾತು: ಹೃದಯಕ್ಕಾಗಿ ಆದರೆ ಆ ದುಡ್ಡು ಉಳಿಸಿ. ಕಣ್ಣು ಒಣಗುತ್ತದೆ ಎಂದು ತಗೊಳ್ಳುವವರೂ ಇದ್ದಾರೆ. 2018ರಲ್ಲಿ ಅಮೆರಿಕದಲ್ಲಿ ಅದನ್ನೂ ಪರೀಕ್ಷಿಸಿದರು. ದಿನಕ್ಕೆ 3 ಗ್ರಾಂ ಒಮೆಗಾ-3 ಕೊಟ್ಟರೂ ಆಲಿವ್ ಎಣ್ಣೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ನಿಜವಾಗಿ ಉಪಯೋಗವಾಗುವವರೂ ಇದ್ದಾರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬ ಜಾಸ್ತಿ ಇರುವವರು, ಅದರಲ್ಲೂ 500 ದಾಟಿದವರು. ಇವರಿಗೆ ಡಾಕ್ಟರು ದಿನಕ್ಕೆ 4 ಗ್ರಾಂವರೆಗೆ ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಶೇ 30ರಷ್ಟು ಇಳಿಯುತ್ತದೆ. ಕೀಲುಗಳು ಊದುವ ರುಮಟಾಯ್ಡ್ ಸಂಧಿವಾತದಲ್ಲಿ ದಿನಕ್ಕೆ 2ರಿಂದ 3 ಗ್ರಾಂ ತಗೊಂಡ ಕೆಲವರಿಗೆ ಮೂರು ತಿಂಗಳ ಹೊತ್ತಿಗೆ ನೋವು, ಬೆಳಗಿನ ಬಿಗಿತ ಕಡಿಮೆಯಾಗುತ್ತದೆ. ಗರ್ಭಿಣಿಯರಲ್ಲಿ ಒಮೆಗಾ-3 ಅವಧಿಗೆ ಮುಂಚಿನ ಹೆರಿಗೆಯನ್ನು ತಗ್ಗಿಸುತ್ತದೆ ಎಂದು 2018ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತು. ಈ ಮೂವರೂ ಡಾಕ್ಟರ ಕೈಯಲ್ಲಿ ಇರಬೇಕಾದವರೇ.

2. ಮುಂಭಾಗದ ದೊಡ್ಡ ಅಕ್ಷರ ಬಿಡಿ, ಹಿಂಭಾಗದ ಸಣ್ಣ ಅಕ್ಷರ ಓದಿ

ಜಾಸ್ತಿ ಜನ ಎಡವುವುದು ಇಲ್ಲೇ. ಡಬ್ಬಿಯ ಮುಂದೆ ‘ಫಿಶ್ ಆಯಿಲ್ 1000 ಮಿ.ಗ್ರಾಂ’ ಎಂದಿರುತ್ತದೆ. ಅದು ಒಟ್ಟು ಎಣ್ಣೆಯ ತೂಕ, ಒಮೆಗಾ-3ರ ತೂಕ ಅಲ್ಲ. ಹಿಂದೆ ತಿರುಗಿಸಿದರೆ ಇಪಿಎ 180, ಡಿಎಚ್‌ಎ 120 ಎಂದಿರುತ್ತದೆ. ಎರಡೂ ಕೂಡಿದರೆ 300 ಮಿ.ಗ್ರಾಂ. ಉಳಿದ 700 ಬೇರೆ ಕೊಬ್ಬು. ಡಾಕ್ಟರು ‘1 ಗ್ರಾಂ ಒಮೆಗಾ-3’ ಎಂದರೆ ಇಂಥ ಕ್ಯಾಪ್ಸೂಲ್ ಮೂರಕ್ಕೂ ಜಾಸ್ತಿ ಬೇಕಾಗುತ್ತದೆ, ಒಂದಲ್ಲ.

ಬೆಲೆಯ ಲೆಕ್ಕವೂ ಇದರ ಮೇಲೆಯೇ. ಒಂದು ಡಬ್ಬಿ 600 ರೂಪಾಯಿ, 60 ಕ್ಯಾಪ್ಸೂಲ್, ಪ್ರತಿಯೊಂದರಲ್ಲಿ 300 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಇನ್ನೊಂದು ಡಬ್ಬಿ 1,200 ರೂಪಾಯಿ, ಅದರಲ್ಲೂ 60, ಆದರೆ ಪ್ರತಿಯೊಂದರಲ್ಲಿ 900 ಮಿ.ಗ್ರಾಂ. ನೋಡಲು ಎರಡನೆಯದು ದುಬಾರಿ. ಆದರೆ 900 ಮಿ.ಗ್ರಾಂ ಸಿಗಲು ಮೊದಲನೆಯದರಲ್ಲಿ 30 ರೂಪಾಯಿ, ಎರಡನೆಯದರಲ್ಲಿ 20 ರೂಪಾಯಿ. ಇನ್ನೊಂದು ವಿಷಯ ಗಮನಿಸಿ. ಕೆಲವು ಲೇಬಲ್‌ಗಳು ಒಂದು ಕ್ಯಾಪ್ಸೂಲಿನ ಲೆಕ್ಕ ಕೊಡದೆ ‘ಒಂದು ಸರ್ವಿಂಗ್’ ಲೆಕ್ಕ ಕೊಡುತ್ತವೆ. ಆ ಸರ್ವಿಂಗ್ ಎರಡು ಅಥವಾ ಮೂರು ಕ್ಯಾಪ್ಸೂಲ್ ಆಗಿರಬಹುದು.

ನಮ್ಮ ದೇಶದಲ್ಲಿ ಪೂರಕ ಆಹಾರವಾಗಿ ಮಾರುವ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಆ ಸಾಲನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಮಾಂಸಾಹಾರ ಎಂದು ತೋರಿಸುವ ಕಂದು ತ್ರಿಕೋನದ ಗುರುತೂ ಇರುತ್ತದೆ. ವಿದೇಶದಿಂದ ಸೂಟ್‌ಕೇಸಿನಲ್ಲಿ ಬಂದ ಡಬ್ಬಿಗೆ ಈ ಗುರುತು ಇರುವುದಿಲ್ಲ, ಚಿಕ್ಕಮ್ಮನಿಗೆ ಗೊತ್ತಾಗದೆ ಹೋದದ್ದು ಅದಕ್ಕೇ. ಒಳಗಿನ ಎಣ್ಣೆ ಮಾತ್ರ ಅಲ್ಲ, ಹೊರಗಿನ ಮೆತ್ತನೆ ಕವಚವೂ ಸಾಮಾನ್ಯವಾಗಿ ಜೆಲಾಟಿನ್. ಅದನ್ನು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುತ್ತಾರೆ. ಸಸ್ಯಾಹಾರಿಗಳಿಗೆ ಉಡುಗೊರೆ ತರುವ ಮಕ್ಕಳು ಇದನ್ನು ಮೊದಲೇ ಹೇಳಿಬಿಡಬೇಕು.

3. ಒಂದನ್ನು ಕತ್ತರಿಸಿ ಮೂಸಿ ನೋಡಿ

ಮೀನೆಣ್ಣೆ ಬೇಗ ಕೆಡುವ ಎಣ್ಣೆ. ಗಾಳಿ, ಬೆಳಕು, ಬಿಸಿ ತಾಗಿದರೆ ಕಮಟಾಗುತ್ತದೆ. ಕವಚದ ಒಳಗಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಹೊಸ ಡಬ್ಬಿ ತೆರೆದಾಗ ಒಂದು ಕ್ಯಾಪ್ಸೂಲನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಕತ್ತರಿಯಿಂದ ತುದಿ ಕತ್ತರಿಸಿ. ಹಳದಿ ಎಣ್ಣೆ ಹರಿದು ಬರುತ್ತದೆ. ಸಮುದ್ರದ ಕಡೆಯ ತಿಳಿಯಾದ ವಾಸನೆ ಇದ್ದರೆ ಸರಿ. ಹಳೇ ಪೇಂಟಿನ ಹಾಗೆ, ಹಪ್ಪಳ ಕರಿದು ತಿಂಗಳುಗಟ್ಟಲೆ ಇಟ್ಟ ಎಣ್ಣೆಯ ಹಾಗೆ ಮೂಗಿಗೆ ಹೊಡೆದರೆ ಇಡೀ ಡಬ್ಬಿ ಕಸಕ್ಕೆ ಹಾಕಿ.

ಚಿಕ್ಕಮ್ಮನ ಡಬ್ಬಿಯದನ್ನೂ ಹೀಗೇ ಕತ್ತರಿಸಿದೆವು. ತಟ್ಟೆಯನ್ನು ಮೂಗಿನ ಹತ್ತಿರ ತಂದ ಕೂಡಲೇ ಇಬ್ಬರೂ ಮುಖ ತಿರುಗಿಸಿದೆವು. ಎಕ್ಸ್‌ಪೈರಿಗೆ ಇನ್ನೂ ಒಂದು ವರ್ಷ ಇತ್ತು. ಆದರೆ ಮೂರು ತಿಂಗಳು ಒಲೆಯ ಬಿಸಿ ತಿಂದಿತ್ತಲ್ಲ. ತಟ್ಟೆಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದ ಮೇಲೂ ವಾಸನೆ ಉಳಿದಿತ್ತು.

ನಿಂಬೆ ಅಥವಾ ಕಿತ್ತಳೆ ವಾಸನೆ ಸೇರಿಸಿದ ಕ್ಯಾಪ್ಸೂಲ್ ಆದರೆ ಈ ಪರೀಕ್ಷೆ ಅಷ್ಟು ನಂಬಿಕೆಯದ್ದಲ್ಲ, ಹಣ್ಣಿನ ವಾಸನೆ ಕಮಟನ್ನು ಮುಚ್ಚಿಬಿಡಬಹುದು. ಹಾಗಾಗಿ ಚಿಕ್ಕ ಡಬ್ಬಿಯನ್ನೇ ಕೊಳ್ಳಿ, ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟು. ಮುಚ್ಚಳ ಬಿಗಿ ಮಾಡಿ ತಂಪಾದ, ಬಿಸಿಲು ಬೀಳದ ಕಡೆ ಇಡಿ. ಬಾಟಲಿಯ ದ್ರವ ಎಣ್ಣೆ ತೆರೆದ ಮೇಲೆ ಫ್ರಿಜ್‌ನಲ್ಲೇ ಇರಲಿ.

4. ಎಷ್ಟು? ಯಾವಾಗ?

ಊಟದ ಜೊತೆಗೆ. ಅದೂ ಸ್ವಲ್ಪ ಎಣ್ಣೆ ತುಪ್ಪ ಇರುವ ಊಟದ ಜೊತೆಗೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದೂ ಇಲ್ಲ, ದಿನವಿಡೀ ಮೀನಿನ ತೇಗು ಬೇರೆ. ಎದೆಯುರಿ, ಓಕರಿಕೆ, ಭೇದಿ ಆಗುವವರು ಒಂದೇ ಸಲಕ್ಕೆ ತಗೊಳ್ಳದೆ ಮಧ್ಯಾಹ್ನ ರಾತ್ರಿ ಅಂತ ಹಂಚಿಕೊಳ್ಳಿ.

ಪ್ರಮಾಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂವರೆಗೂ ಪೂರಕವಾಗಿ ತಗೊಂಡರೆ ಆತಂಕ ಇಲ್ಲ ಎಂದಿತ್ತು. ಆಮೇಲೆ ಬಂದ ಪ್ರಯೋಗಗಳಲ್ಲಿ ಬೇರೊಂದು ವಿಷಯ ಬೆಳಕಿಗೆ ಬಂತು. ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಕೊಟ್ಟ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ, ಟ್ರೈಗ್ಲಿಸರೈಡ್ ಜಾಸ್ತಿ ಇದ್ದು ಆಗಲೇ ಸ್ಟ್ಯಾಟಿನ್ ತಗೊಳ್ಳುತ್ತಿದ್ದ 8,179 ಜನರಲ್ಲಿ ಹೃದಯದ ತೊಂದರೆಗಳು ಕಾಲು ಭಾಗ ಇಳಿದವು. ಅದೇ ಪ್ರಯೋಗದಲ್ಲಿ ಎದೆಬಡಿತ ತಾಳ ತಪ್ಪುವ ಕಾಯಿಲೆ ಜಾಸ್ತಿಯಾಯಿತು. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಈ ತೊಂದರೆಯಿಂದ ಆಸ್ಪತ್ರೆ ಸೇರಿದವರು ನೂರಕ್ಕೆ 2ರಿಂದ 3ಕ್ಕೆ ಏರಿದರು. ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ ಕೊಟ್ಟ ‘ಸ್ಟ್ರೆಂತ್’ ಪ್ರಯೋಗದಲ್ಲಿ ಲಾಭವೇ ಕಾಣದೆ 2020ರಲ್ಲಿ ಅದನ್ನು ಅರ್ಧಕ್ಕೆ ನಿಲ್ಲಿಸಿದರು. ಅಲ್ಲೂ ಈ ತೊಂದರೆ ಜಾಸ್ತಿಯೇ ಇತ್ತು.

ಆದ್ದರಿಂದ ‘ಎಣ್ಣೆ ತಾನೇ, ಜಾಸ್ತಿ ಆದರೆ ಏನಾಗುತ್ತೆ’ ಎನ್ನುವ ಮಾತು ಬೇಡ. ಸ್ವಂತ ನಿರ್ಧಾರದಿಂದ ತಗೊಳ್ಳುವವರು ದಿನಕ್ಕೆ 1 ಗ್ರಾಂ ಇಪಿಎ-ಡಿಎಚ್‌ಎ ದಾಟಬೇಡಿ. ಎದೆ ಡವಗುಟ್ಟುವುದು, ಬಡಿತ ಮಧ್ಯೆ ಮಧ್ಯೆ ತಪ್ಪಿದ ಹಾಗೆ ಆಗುವುದು, ಸುಮ್ನೆ ತಲೆಸುತ್ತುವುದು ಕಂಡರೆ ನಿಲ್ಲಿಸಿ ಡಾಕ್ಟರನ್ನು ನೋಡಿ.

5. ಕಾಡ್ ಲಿವರ್ ಆಯಿಲ್ ಬೇರೆ, ಫಿಶ್ ಆಯಿಲ್ ಬೇರೆ

ಹಳದಿ ಬಣ್ಣದ ಕಾಡ್ ಲಿವರ್ ಮಾತ್ರೆ ನಮ್ಮ ತಲೆಮಾರಿನ ಎಷ್ಟೋ ಮಕ್ಕಳಿಗೆ ಗೊತ್ತು. ಅದು ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆ. ಅದರಲ್ಲಿ ಒಮೆಗಾ-3 ಜೊತೆಗೆ ವಿಟಮಿನ್ ಎ ಮತ್ತು ಡಿ ಇರುತ್ತವೆ. ಒಮೆಗಾ-3 ಬೇಕು ಎಂದು ಇದನ್ನೇ ನಾಲ್ಕೈದು ನುಂಗಿದರೆ ವಿಟಮಿನ್ ಎ ಮಿತಿಮೀರುತ್ತದೆ. ಗರ್ಭಿಣಿಯರಿಗೆ ಇದು ಬೇಡವೇ ಬೇಡ, ವಿಟಮಿನ್ ಎ ಜಾಸ್ತಿಯಾದರೆ ಮಗುವಿಗೆ ತೊಂದರೆ.

6. ಯಾರು ಕೇಳದೆ ಮುಟ್ಟಬಾರದು

ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು. ಆಗಲೇ ಎದೆಬಡಿತದ ಏರುಪೇರು ಇರುವವರು. ಆಪರೇಷನ್‌ಗೆ ದಿನ ಗೊತ್ತಾದವರು. ಮೀನಿನ ಅಲರ್ಜಿ ಇರುವವರು. ಕಡಿಮೆ ಪ್ರಮಾಣದಿಂದ ಎಲ್ಲರಿಗೂ ರಕ್ತಸ್ರಾವ ಆಗಿಬಿಡುತ್ತದೆ ಎಂದಲ್ಲ. ಆದರೆ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ನೀವು ಏನೆಲ್ಲ ನುಂಗುತ್ತೀರಿ ಎಂದು ಗೊತ್ತಿರಲೇಬೇಕು, ಅಲ್ವಾ?

7. ತಟ್ಟೆಯಲ್ಲೇ ಸಿಗುತ್ತದಾ ನೋಡಿ

ಮೀನು ತಿನ್ನುವವರಿಗೆ ಉತ್ತರ ಸುಲಭ. ಬೂತಾಯಿ (ಸಾರ್ಡಿನ್), ಬಂಗುಡೆ. ಕೊಬ್ಬಿದ ಬೂತಾಯಿಯ 100 ಗ್ರಾಂ ಮಾಂಸದಲ್ಲಿ ಸುಮಾರು 1 ಗ್ರಾಂ ಒಮೆಗಾ-3 ಸಿಗುತ್ತದೆ. ಮೇಲೆ ಹೇಳಿದ ಸಾಮಾನ್ಯ ಕ್ಯಾಪ್ಸೂಲ್ ಮೂರಕ್ಕೆ ಸಮ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಅದಾದ ಮೇಲಿನ ತಿಂಗಳುಗಳಲ್ಲಿ ಬೂತಾಯಿಗೆ ಕೊಬ್ಬು ಕಟ್ಟುತ್ತದೆ, ಕಾವಲಿಯ ಮೇಲಿಟ್ಟರೆ ತನ್ನಿಂದಲೇ ಎಣ್ಣೆ ಬಿಡುತ್ತದೆ. ಇದೇ ಮೀನಿನಿಂದ ಎಣ್ಣೆ ತೆಗೆದು ಮರದ ದೋಣಿಗೆ ಬಳಿಯುತ್ತಿದ್ದರು, ಮರ ನೀರು ಕುಡಿಯದೆ ಬಾಳಿಕೆ ಬರಲಿ ಎಂದು. ಅಷ್ಟು ಎಣ್ಣೆ ಇರುವ ಮೀನು ಇದು, ಬೆಲೆಯಲ್ಲಿ ಬಡವರ ಮೀನು. ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದು ಅಮೆರಿಕದ ಹೃದಯ ಸಂಘವೂ ಹೇಳುತ್ತದೆ. ಬೂತಾಯಿ ಪುಳಿಮುಂಚಿ ಎರಡು ಹೊತ್ತು ಮಾಡಿದರೆ ಅದು ಆಯಿತು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಸಾರು ಮಾಡುವುದೇ ಮೇಲು. ಗರ್ಭಿಣಿಯರು ತಾಟೆ (ಶಾರ್ಕ್) ಥರದ ದೊಡ್ಡ ಮೀನು ಬಿಡಬೇಕು, ಅದರಲ್ಲಿ ಪಾದರಸ ಜಾಸ್ತಿ.

ಸಸ್ಯಾಹಾರಿಗಳಿಗೆ ಅಗಸೆ ಇದೆ. ಒಂದು ದೊಡ್ಡ ಚಮಚ ಅಗಸೆಯಲ್ಲಿ 2 ಗ್ರಾಂಗೂ ಜಾಸ್ತಿ ಎಎಲ್‌ಎ ಎಂಬ ಸಸ್ಯದ ಒಮೆಗಾ-3 ಇದೆ. ದೇಹ ಅದರಲ್ಲಿ ತೀರಾ ಸ್ವಲ್ಪವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಅಂತೂ ಇನ್ನೂ ಕಡಿಮೆ. ಆದರೂ ಅಗಸೆಯಲ್ಲಿ ನಾರು ಇದೆ, ರುಚಿ ಇದೆ. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹುರಿದು ಪುಡಿ ಮಾಡಿಯೇ ತಿನ್ನಿ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಗೆ ಅಗಸೆ ಚಟ್ನಿಪುಡಿ ಹಾಕಿ ತಿನ್ನುವುದು ಹಾಗೇ ತಾನೆ. ಡಿಎಚ್‌ಎ ಬೇಕೇ ಬೇಕು ಎಂದು ಡಾಕ್ಟರು ಹೇಳಿದರೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ. ಮೀನಿಗೆ ಒಮೆಗಾ-3 ಬರುವುದೂ ಮೂಲತಃ ಪಾಚಿಯಿಂದಲೇ.

8. ಡಬ್ಬಿಯನ್ನೇ ಹಿಡಿದುಕೊಂಡು ಹೋಗಿ

ಡಾಕ್ಟರ ಹತ್ತಿರ ‘ಯಾವುದೋ ಎಣ್ಣೆ ಮಾತ್ರೆ’ ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಡಬ್ಬಿ, ಲಿಪಿಡ್ ಪ್ರೊಫೈಲ್ ರಿಪೋರ್ಟ್, ಈಗ ನಡೆಯುತ್ತಿರುವ ಮಾತ್ರೆಗಳ ಚೀಟಿ, ಮೂರನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳಿ. ‘ಇದು ನನಗೆ ಬೇಕಾ, ಬೇಕಿದ್ದರೆ ಎಷ್ಟು ತಿಂಗಳು, ಯಾವಾಗ ಮತ್ತೆ ರಕ್ತ ಪರೀಕ್ಷೆ’ ಎಂದು ಕೇಳಿ. ಚಿಕ್ಕಮ್ಮ ಹಾಗೇ ಮಾಡಿದರು. ಅವರ ಟ್ರೈಗ್ಲಿಸರೈಡ್ 140 ಇತ್ತು. ಡಾಕ್ಟರು ಡಬ್ಬಿ ತಿರುಗಿಸಿ ಓದಿ, ರಿಪೋರ್ಟ್ ನೋಡಿ, ‘ಇದು ಬೇಡಮ್ಮ, ಸ್ಟ್ಯಾಟಿನ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ’ ಎಂದರು. ಅವತ್ತು ರಾತ್ರಿಯೇ ಚಿಕ್ಕಮ್ಮ ಮಗನಿಗೆ ಫೋನ್ ಮಾಡಿ, ಮುಂದಿನ ಸಲ ಬಾದಾಮಿ ಸಾಕು ಕಣೋ ಎಂದು ಹೇಳಿದರು.