ದಿನವಿಡೀ ಮೈಮೇಲಿರುವ ಸ್ಪೇಸ್‌ಸೂಟು: ನಮ್ಮ ಬಳ್ಳಾರಿ ಮೇಜಿನ ಅನುಭವ

ನೌಕೆಯ ಸಿಬ್ಬಂದಿ ಊಟ, ನಿದ್ದೆ, ಕೆಲಸಗಳ ನಡುವೆಯೂ ತೊಟ್ಟೇ ಇರಬಹುದಾದ ಹಗುರ ಸ್ಪೇಸ್‌ಸೂಟನ್ನು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ ದಾಳ ಎಸೆದು ಆಡುವ ನಮ್ಮ ಅಂತರಿಕ್ಷದ ಕಥೆಯಾಟಕ್ಕೆ ತಂದರೆ ನಿರ್ವಾತದ ಭಯವೇ ಹೊರಟುಹೋಗುತ್ತದೆ ಎಂದು ನಮ್ಮ ಗುಂಪಿನವರೆಲ್ಲ ಒಂದೇ ಬಾಯಿಯಲ್ಲಿ ಹೇಳಿದ್ದರು. ಈಗ ಅದೇ ಗುಂಪು, ನೌಕೆಯ ಗೋಡೆ ಒಡೆಯಿತೆಂದು ಆಟ ನಡೆಸುವ ನಾನು ಹೇಳಿದೊಡನೆ ಕೈಯಲ್ಲಿನ ಮಿರ್ಚಿ ಕೆಳಗಿಟ್ಟು ದಾಳ ಹುಡುಕುತ್ತದೆ. ನಿಯಮ ಗಟ್ಟಿಯಾಗಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

ಮೊದಲು ನಾನು ಸೂಟನ್ನು ತೆಳು ಕವಚದಂತೆ ಲೆಕ್ಕಹಾಕಿದೆ. ಎಲ್ಲರೂ ತೊಟ್ಟರು, ಯಾರಿಗೂ ಏನೂ ಆಗಲಿಲ್ಲ, ಆಟ ಸಪ್ಪೆಯಾಯಿತು. ಆಮೇಲೆ ತೊಟ್ಟವರ ಚುರುಕುತನದಿಂದ ಅಂಕ ಕಳೆದೆ. ಸೂಟುಗಳೆಲ್ಲ ಕಪಾಟು ಸೇರಿದವು. ಗಂಟೆಗೊಮ್ಮೆ ದಣಿವು ಬರೆದುಕೊಳ್ಳುವ ಪದ್ಧತಿ ಮಾಡಿದಾಗಲಂತೂ ಇಬ್ಬರು ಆಟವನ್ನೇ ಬಿಟ್ಟರು. ಆದರೂ ನಾನು ಹಟ ಹಿಡಿದದ್ದು 1971ರ ಸೋವಿಯತ್ ನೌಕೆ ಸೋಯುಜ್ 11ರ ಕಾರಣದಿಂದ. ಇಕ್ಕಟ್ಟಿನ ಕೋಶದಲ್ಲಿ ಸೂಟಿಲ್ಲದೆ ಮರಳುತ್ತಿದ್ದ ಮೂವರು, ಒಂದು ಕವಾಟ ಅಕಾಲದಲ್ಲಿ ತೆರೆದು ಗಾಳಿ ಸೋರಿಹೋದುದರಿಂದ ಸತ್ತರು. ಆ ಬಳಿಕ ನೌಕೆಯೊಳಗೇ ತೊಡುವ ಸೊಕೋಲ್ ಎಂಬ ಸೂಟು ಕಡ್ಡಾಯವಾಯಿತು, ಅದಕ್ಕೆ ಜಾಗ ಮಾಡಲು ಸಿಬ್ಬಂದಿಯನ್ನು ಕೆಲವು ವರ್ಷ ಇಬ್ಬರಿಗೆ ಇಳಿಸಲಾಯಿತು. ಸುಮಾರು 10 ಕಿಲೋ ತೂಗುವ ಸೊಕೋಲ್ ಹಗುರವೇ, ಆದರೆ ಗಾಳಿ ತುಂಬಿದಾಗ ಅದು ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಸರಿ. ಓಣಿಯಲ್ಲಿ ಓಡುವವರಿಗೆ ಅಲ್ಲ.

ದಾರಿ ಸಿಕ್ಕಿದ್ದು ತೋರಣಗಲ್ಲಿನ ಕಡೆ ಉಕ್ಕಿನ ಕೆಲಸಕ್ಕೆ ಹೋಗುವ ಗೆಳೆಯನಿಂದ. ಅನಿಲ ಸೋರುವ ಜಾಗಗಳಲ್ಲಿ ಬಳಸುವ, ಹತ್ತು ನಿಮಿಷದಷ್ಟು ಗಾಳಿಯ ಎಸ್ಕೇಪ್ ಸೆಟ್ಟಿನ ಬಗ್ಗೆ ಆತ ಹೇಳಿದ. ಅದನ್ನು ಹಾಕಿಕೊಂಡು ಯಾರೂ ದುರಸ್ತಿಗೆ ನಿಲ್ಲುವುದಿಲ್ಲ, ಹೊರಗೆ ಬರುತ್ತಾರೆ ಅಷ್ಟೆ. ನನ್ನ ಸೂಟಿಗೂ ಅದೇ ಅಳತೆ ಇಟ್ಟೆ: ಹತ್ತು ನಿಮಿಷ, ಮುಂದಿನ ಭದ್ರ ಬಾಗಿಲಿನವರೆಗೆ.

ಬಟ್ಟೆಯದೇ ದೊಡ್ಡ ಕಥೆ. ಗಾಳಿಯ ಬದಲು ಬಿಗಿಬಟ್ಟೆಯಿಂದಲೇ ಚರ್ಮವನ್ನು ಒತ್ತುವ ಸೂಟಿನ ಬಗ್ಗೆ ಅಮೆರಿಕದ ವೈದ್ಯ ಪಾಲ್ ವೆಬ್ 1968ರಲ್ಲೇ ಬರೆದಿದ್ದರು. ಅದಕ್ಕೆ ಬೇಕಾದ ಒತ್ತಡ 30 ಕಿಲೋಪ್ಯಾಸ್ಕಲ್‌ನ ಆಸುಪಾಸು, ಅಂದರೆ ಬಿ.ಪಿ. ನೋಡುವ ಯಂತ್ರದ ಲೆಕ್ಕದಲ್ಲಿ 220ರಷ್ಟು. ಜೀನ್ಸ್ ಹೊಲಿಯುವ ಊರಿನಲ್ಲಿದ್ದು ಇದನ್ನು ಪರೀಕ್ಷಿಸದೆ ಬಿಡುವುದು ಹೇಗೆ? ಕೌಲ್ ಬಜಾರಿನ ಪರಿಚಯದ ಟೈಲರ್ ಅಣ್ಣನಿಂದ ಸ್ಟ್ರೆಚ್ ಡೆನಿಮ್ಮಿನ ಕಟ್‌ಪೀಸಿನಲ್ಲಿ ಒಂದು ಕಾಲು ಹೊಲಿಸಿ, ಬಿ.ಪಿ. ಪಟ್ಟಿಯನ್ನು ತೊಡೆಗೂ ಬಟ್ಟೆಗೂ ನಡುವೆ ಇಟ್ಟು ಮುಳ್ಳು ನೋಡಿದೆವು. 25 ದಾಟುವುದೇ ಕಷ್ಟವಾಯಿತು. ಇನ್ನೂ ಬಿಗಿ ಮಾಡಿಸಿದಾಗ ಕಾಲು ಒಳಗೇ ಹೋಗಲಿಲ್ಲ. ಬದಿಗೆ ಲೇಸು ಕಟ್ಟಿ ಎಳೆದಾಗ 40ರ ಹತ್ತಿರ ಬಂದು ಹೊಲಿಗೆ ಬಿಟ್ಟಿತು. ಬಟ್ಟೆ, ಚೈನು, ಕೂಲಿ ಸೇರಿ ಮೂರು ಸಾವಿರದ ಆಸುಪಾಸು ಹೋಯಿತು. ಮನೆಯಲ್ಲಿ ಇಂದಿಗೂ ಸಾವಿರದೈನೂರು ಎಂದೇ ನಂಬಿದ್ದಾರೆ.

ಆ ದುಡ್ಡು ದಂಡವಾಗಲಿಲ್ಲ. ದಿನವಿಡೀ ತೊಡುವ ಬಟ್ಟೆಯು ದಿನವಿಡೀ ಬಿಗಿಯಾಗಿರಲು ಸಾಧ್ಯವಿಲ್ಲವೆಂಬುದು ಕಾಲಿನ ಮೇಲೆಯೇ ಖಚಿತವಾಯಿತು. ಬಿಸಿಯಾದಾಗ ಕುಗ್ಗುವ ಮಿಶ್ರಲೋಹದ ಸುರುಳಿಯಿಂದ ತಾನಾಗಿ ಬಿಗಿಯುವ ಪಟ್ಟಿಯನ್ನು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಡಾವಾ ನ್ಯೂಮನ್ ಅವರ ತಂಡ 2014ರಲ್ಲಿ ತೋರಿಸಿತ್ತು. ಅದನ್ನೇ ಆಟಕ್ಕೆ ಎಳೆದುಕೊಂಡೆ. ಸೂಟು ಸಡಿಲವಾಗಿರುತ್ತದೆ, ಕಾಲರಿನಲ್ಲಿ ತಲೆಗೆ ಎಳೆದುಕೊಳ್ಳುವ ಮುಸುಕು ಮಡಿಚಿರುತ್ತದೆ, ಅಪಾಯದ ಗಂಟೆ ಹೊಡೆದಾಗ ಬ್ಯಾಟರಿ ಸೂಟನ್ನು ಬಿಗಿಯುತ್ತದೆ.

ನಮ್ಮ ಆಟದಲ್ಲಿ ಒಂದು ಸುತ್ತೆಂದರೆ ಕಥೆಯೊಳಗಿನ ಆರು ಸೆಕೆಂಡು. 1966ರಲ್ಲಿ ಹ್ಯೂಸ್ಟನ್‌ನ ನಿರ್ವಾತ ಕೋಣೆಯೊಂದರಲ್ಲಿ ಸೂಟಿನ ಕೊಳವೆ ಕಳಚಿಕೊಂಡ ಜಿಮ್ ಲೆಬ್ಲಾಂಕ್ 14 ಸೆಕೆಂಡಿನಷ್ಟರಲ್ಲಿ ಪ್ರಜ್ಞೆ ತಪ್ಪಿದ್ದರು, ಆಮೇಲೆ ಬದುಕಿಕೊಂಡರು. ಹಾಗಾಗಿ ಪಾತ್ರಕ್ಕೆ ಎರಡು ಸುತ್ತಿನ ಎಚ್ಚರ ಮಾತ್ರ. ಒಂದರಲ್ಲಿ ಮುಸುಕು, ಇನ್ನೊಂದರಲ್ಲಿ ಬಿಗಿತ. ಎರಡು ದಾಳ ಎಸೆದು 8 ಅಥವಾ ಹೆಚ್ಚು ಬರಬೇಕು. ಎದೆ ಬಿಗಿಯುವ ಮುನ್ನವೇ ಮುಸುಕಿಗೆ ಆಮ್ಲಜನಕ ಬಿಟ್ಟರೆ ಶ್ವಾಸಕೋಶಕ್ಕೆ ಪೆಟ್ಟು, ತಡಮಾಡಿದರೆ ಮೂರ್ಛೆ. ಪಕ್ಕದವನ ಮುಸುಕು ಎಳೆಯಲು ಹೋದವನ ಸ್ವಂತ ಸುತ್ತು ಖರ್ಚಾಗುತ್ತದೆ, ಮೇಜಿನ ಜಗಳವೆಲ್ಲ ಅಲ್ಲಿಯೇ.

ಹೆಚ್ಚು ವಾದ ನಡೆದದ್ದು ಹರಿದ ಸೂಟಿನ ಬಗ್ಗೆ. “ತೂತು ಬಿದ್ರೂ ಸಾಯಂಗಿಲ್ಲ ಅಂದ್ರೆ ಅದೆಂಥ ಸ್ಪೇಸ್‌ಸೂಟಣ್ಣಾ?” ಎಂದು ಕಿರಿಯನೊಬ್ಬ ಕೇಳಿದ. ಗಾಳಿ ತುಂಬಿದ ಸೂಟು ಹರಿದರೆ ಉಸಿರೇ ಸೋರುತ್ತದೆ. ಬಿಗಿಬಟ್ಟೆ ಹರಿದರೆ ಆ ಜಾಗದ ಮಾಂಸ ಮಾತ್ರ ಊದುತ್ತದೆ, ಏಕೆಂದರೆ ಉಸಿರಿನ ಗಾಳಿ ಇರುವುದು ಕುತ್ತಿಗೆಯಿಂದ ಮೇಲಿನ ಮುಸುಕಿನಲ್ಲಿ. 1960ರ ಆಗಸ್ಟಿನಲ್ಲಿ ಅಮೆರಿಕದ ವಾಯುಪಡೆಯ ಜೋ ಕಿಟಿಂಗರ್ ಬಲೂನಿನಲ್ಲಿ 31 ಕಿಲೋಮೀಟರ್ ಏರಿದಾಗ ಬಲಗೈ ಗವಸು ಕೆಟ್ಟು ಕೈ ದುಪ್ಪಟ್ಟು ಊದಿತ್ತು. ಅವರು ಅದೇ ಸ್ಥಿತಿಯಲ್ಲಿ ಜಿಗಿದು ಇಳಿದರು, ಕೈ ಕೆಲವೇ ಗಂಟೆಗಳಲ್ಲಿ ಸರಿಹೋಯಿತು. ಇದನ್ನು ಹೇಳಿದ ಮೇಲೆ ವಾದ ನಿಂತಿತು. ನಮ್ಮ ನಿಯಮದಲ್ಲಿ ಗವಸು ಮರೆತವನಿಗೆ ಕೈಕೆಲಸದಲ್ಲಿ ಎರಡಂಕ ಕಡಿತ, ಕುತ್ತಿಗೆಯ ಪಟ್ಟಿ ಹರಿದವನಿಗೆ ಮಾತ್ರ ಸಾವಿನ ಎಸೆತ.

ನೌಕೆಯ ಗಾಳಿಯನ್ನೂ ಬದಲಿಸಬೇಕಾಯಿತು. ಭೂಮಿಯ ಗಾಳಿಯ ಒತ್ತಡದಿಂದ ನೇರ ಸೂಟಿನ 30 ಕಿಲೋಪ್ಯಾಸ್ಕಲ್‌ಗೆ ಇಳಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುವ ಭಯವಿದೆ. ಆದ್ದರಿಂದ ಒಳಗೆ 56 ಕಿಲೋಪ್ಯಾಸ್ಕಲ್, ಆಮ್ಲಜನಕ 34 ಪ್ರತಿಶತ ಇಟ್ಟೆ. ಹಾಗಿಟ್ಟರೆ ಬೆಂಕಿ ಬೇಗ ಹತ್ತುತ್ತದೆ, ನೀರು 84 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿಲ್ಲದೆ ಬೇಳೆ ಬೇಯದ ಈ ನೌಕೆಯಲ್ಲಿ ಅಡುಗೆಯವನ ಪಾತ್ರಕ್ಕೆ ಒಮ್ಮೆಲೇ ಬೆಲೆ ಬಂದದ್ದು ನಾನು ಎಣಿಸದ ಲಾಭ.

ಬ್ಯಾಟರಿ ಯಾವಾಗ ಕೈಕೊಡುತ್ತದೆ ಎಂಬುದನ್ನು ನಾನು ಹೇಗೆ ತೀರ್ಮಾನಿಸುತ್ತೇನೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ. ಅಳತೆಯ ನಿಯಮ ಹೇಳಲು ಅಡ್ಡಿಯಿಲ್ಲ. ಇಂಥ ಸೂಟು ತೊಟ್ಟವನ ಮೈಗೇ ಹೊಲಿದದ್ದಾಗಿರಬೇಕು, ಇನ್ನೊಬ್ಬರದನ್ನು ತೊಟ್ಟರೆ ಬಿಗಿತದ ಎಸೆತದಲ್ಲಿ ಮೂರಂಕ ಕಡಿತ. ಇದು ಬಂದಂದಿನಿಂದ ಸತ್ತ ಶತ್ರುಗಳ ಸೂಟು ಬಿಚ್ಚಿ ಮಾರುವ ದಂಧೆ ನಿಂತಿದೆ, ಪ್ರತಿ ಬಂದರಿನಲ್ಲೂ ಮೊದಲು ಟೈಲರ್ ಅಂಗಡಿ ಕೇಳುತ್ತಾರೆ.