ಸಾರ್ಡೀನಿಯಾ ಅಜ್ಜಂದಿರ ದಿನಚರಿ ನಮ್ಮ ಮನೆಗೆ: ಹೀಗೆ ಶುರು ಮಾಡಿ

ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದಲ್ಲಿ ಗೆನ್ನಾರ್ಜೆಂಟು ಅನ್ನೋ ಬೆಟ್ಟಸಾಲು ಇದೆ. ಅದರ ಪೂರ್ವಕ್ಕೆ ಒಲ್ಯಾಸ್ತ್ರ ಸೀಮೆ. ವಿಲ್ಲಾಗ್ರಾಂಡೆ, ಅರ್ಜಾನಾ, ತಲಾನಾ ಮುಂತಾದ ಊರುಗಳು ಇಲ್ಲಿವೆ. ಕುರಿ, ಮೇಕೆ ಕಾಯ್ದು ಬದುಕಿದ ಜನ. ಈ ಕಡೆ ನೂರು ದಾಟಿದವರು ಜಾಸ್ತಿ. ಅದಕ್ಕಿಂತ ಸೋಜಿಗದ ಸಂಗತಿ ಎಂದರೆ, ಗಂಡಸರೂ ಹೆಚ್ಚುಕಡಿಮೆ ಹೆಂಗಸರಷ್ಟೇ ಸಂಖ್ಯೆಯಲ್ಲಿ ನೂರು ಮುಟ್ಟುತ್ತಾರೆ. ಬೇರೆ ಕಡೆ ಶತಾಯುಷಿಗಳಲ್ಲಿ ಹೆಂಗಸರದ್ದೇ ಮೇಲುಗೈ.

ಇಟಲಿಯ ವೈದ್ಯ ಜಾನಿ ಪೆಸ್ ಮತ್ತು ಬೆಲ್ಜಿಯಂನ ಜನಸಂಖ್ಯಾ ತಜ್ಞ ಮಿಷೆಲ್ ಪುಲಾಂ ಇಲ್ಲಿನ ದಾಖಲೆಗಳನ್ನು ತಾಳೆ ನೋಡಿ, ವಯಸ್ಸು ನಿಜ ಎಂದು ಖಚಿತ ಮಾಡಿಕೊಂಡರು. ನಕ್ಷೆಯಲ್ಲಿ ಇಂಥ ಊರುಗಳಿಗೆ ನೀಲಿ ಶಾಯಿ ಹಚ್ಚಿದ್ದರಿಂದ 'ನೀಲಿ ವಲಯ' ಎಂಬ ಹೆಸರು ಬಂತು. 2004ರಲ್ಲಿ ಅವರ ಪ್ರಬಂಧ ಹೊರಬಂತು. ಈಗ ಅದೇ ಹೆಸರು ಹೇಳಿ ಪುಡಿ, ಮಾತ್ರೆ ಮಾರುವವರೂ ಇದ್ದಾರೆ. ದುಡ್ಡು ಉಳಿಸಿಕೊಳ್ಳಿ. ಆ ಅಜ್ಜಂದಿರು ಅಂಥದ್ದೇನೂ ನುಂಗಿದವರಲ್ಲ. ವಂಶದ ಪಾಲೂ ಸ್ವಲ್ಪ ಇರಬಹುದು, ಅದು ನಮ್ಮ ಕೈಲಿಲ್ಲ. ಕೈಲಿರುವುದನ್ನು ನೋಡೋಣ.

1. ಏರು ಹತ್ತಿ

ಪೆಸ್ ಮತ್ತು ಜೊತೆಗಾರರ ಅಧ್ಯಯನದಲ್ಲಿ ಗಂಡಸರ ದೀರ್ಘಾಯುಷ್ಯಕ್ಕೂ ಊರಿನ ಕಡಿದಾದ ಏರಿಗೂ, ಕೆಲಸದ ಜಾಗದ ದೂರಕ್ಕೂ, ಕುರಿ ಕಾಯುವ ಕಸುಬಿಗೂ ನಂಟು ಕಂಡಿತು. ನಮ್ಮ ಊರಲ್ಲಿ ಬೆಟ್ಟ ಇಲ್ಲದಿದ್ದರೆ ಮೆಟ್ಟಿಲಾದರೂ ಇದೆಯಲ್ಲ? ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಏದುಸಿರು ಬಂದರೂ ಮಾತಾಡಲು ಆಗುವಷ್ಟು ವೇಗ ಸಾಕು. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗಬಹುದು. ಅಂಥವರು ಮೆಟ್ಟಿಲಲ್ಲಿ ಹತ್ತಿ, ಲಿಫ್ಟ್‌ನಲ್ಲಿ ಇಳಿಯಿರಿ, ನಾಚಿಕೆ ಏನಿಲ್ಲ. ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ.

2. ಕಾಳಿನ ಸೂಪ್ ಇಡಿ

ಪೆರ್ದಾಸ್‌ದೆಫೋಗು ಎಂಬ ಊರಿನ ಮೆಲಿಸ್ ಮನೆತನದ ಒಂಬತ್ತು ಜನ ಒಡಹುಟ್ಟಿದವರ ವಯಸ್ಸು ಕೂಡಿದರೆ 818 ವರ್ಷ ದಾಟುತ್ತದೆ ಎಂದು 2012ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಹಿರಿಯಕ್ಕ ಕೊನ್ಸೊಲಾತಾಗೆ ಆಗ 105. ಈ ಮನೆಯ ಹೆಸರಿನಲ್ಲೇ ಪ್ರಸಿದ್ಧವಾದ ಮಿನೆಸ್ಟ್ರೋನೆ ಸೂಪ್ ಒಂದಿದೆ. ನಮ್ಮ ಅಡುಗೆಮನೆಗೆ ಹೊಂದುವ ಬಗೆ ಹೀಗೆ.

ಕಾಬೂಲಿ ಕಡಲೆ, ರಾಜ್ಮಾ, ಒಣ ಅವರೆ ತಲಾ ಕಾಲು ಲೋಟ ತೆಗೆದುಕೊಂಡು ರಾತ್ರಿಯೇ ನೆನೆಸಿ. ಅಲ್ಲಿ ಹಾಕುವುದು ಫಾವಾ ಎಂಬ ಕಾಳು, ಅದರ ಬದಲಿಗೆ ಅವರೆ ನಡೆಯುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿಗೆ ಇಡಿ. ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಇಲ್ಲಿ ಅವಸರ ಬೇಡ. ಇನ್ನೊಂದು ಪಾತ್ರೆಯಲ್ಲಿ ಎರಡು ಚಮಚ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಹಾಕಿ ಬಾಡಿಸಿ. ಟೊಮ್ಯಾಟೊ, ಆಲೂಗಡ್ಡೆ, ಒಂದು ಹಿಡಿ ಬಾರ್ಲಿ ಸೇರಿಸಿ, ಕಾಳನ್ನು ಕಟ್ಟಿನ ಸಮೇತ ಸುರಿದು, ಬಾರ್ಲಿ ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಅಲ್ಲಿ ಕಾಡು ಸೋಂಪಿನ ಸೊಪ್ಪು ಹಾಕುತ್ತಾರೆ. ನಮಗೆ ಸಬ್ಬಸಿಗೆ ಇದೆ, ಕಂಪು ತೀರಾ ದೂರವೇನಲ್ಲ. ಇಳಿಸುವಾಗ ಹಾಕಿ.

ಇದೆಲ್ಲ ಬೇಡ ಎನಿಸಿದರೆ ಬಸ್ಸಾರು, ಮೊಳಕೆಕಾಳಿನ ಹುಳಿ ಮಾಡಿ, ಅವು ಇದರ ದಾಯಾದಿಗಳೇ. ಆದರೆ ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಕಾಳು ನಾಲ್ಕು. ಅದನ್ನು ತಿರುಗಿಸಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಕಾಳು ಹೆಚ್ಚಿಸಬೇಡಿ.

3. ಮಾಂಸ ಹಬ್ಬಕ್ಕೆ, ವೈನ್ ಬೇಡ

ಹಿಂದೆ ಅಲ್ಲಿ ಮಾಂಸ ಎಂದರೆ ಭಾನುವಾರ ಅಥವಾ ಹಬ್ಬದ ಊಟ. ದಿನನಿತ್ಯಕ್ಕೆ ಬ್ರೆಡ್, ತರಕಾರಿ, ಕುರಿ-ಮೇಕೆ ಹಾಲಿನ ಚೀಸ್. ಅಲ್ಲಿನ ಕನ್ನೊನಾವು ಕೆಂಪು ವೈನ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕುಡಿಯದವರು ಆಯುಷ್ಯದ ನೆಪ ಹೇಳಿ ಶುರು ಮಾಡಬೇಡಿ, ಅಷ್ಟೇ.

4. ಹಿರಿಯರಿಗೆ ಕೆಲಸ ಕೊಡಿ

ನನ್ನ ಲೆಕ್ಕದಲ್ಲಿ ನಾವು ಎಡವುವುದು ಇಲ್ಲೇ. ಒಲ್ಯಾಸ್ತ್ರದಲ್ಲಿ ಕುಲುರ್ಜೋನೆಸ್ ಎಂಬ ತಿಂಡಿ ಇದೆ. ಆಲೂಗಡ್ಡೆ, ಚೀಸ್, ಪುದೀನ ತುಂಬಿದ ಕಣಕ. ಅದರ ಬಾಯನ್ನು ಬೆರಳಲ್ಲಿ ಚಿವುಟಿ ಚಿವುಟಿ ಗೋಧಿ ತೆನೆಯ ಹಾಗೆ ಹೆಣೆದು ಮುಚ್ಚಬೇಕು. ಆ ಕೈಚಳಕ ಇರುವುದು ಅಜ್ಜಿಯರಲ್ಲಿ, ಆದ್ದರಿಂದ ಅವರಿಲ್ಲದೆ ಕೆಲಸ ಸಾಗದು. ನಮ್ಮಲ್ಲೋ, 'ಅಮ್ಮಾ, ನೀವು ಸುಮ್ನೆ ಕೂತ್ಕೊಳ್ಳಿ' ಅಂತೀವಿ. ಒಳ್ಳೆ ಮನಸ್ಸಿನಿಂದಲೇ, ಅಲ್ವಾ? ಆದರೂ ಅದನ್ನು ಬಿಡಬೇಕು.

ಮನೆಯ ಒಂದು ಕೆಲಸ ಪೂರ್ತಿ ಅವರದ್ದಾಗಲಿ: ಹಾಲು ತರುವುದು, ಕುಂಡದ ಗಿಡ ನೋಡಿಕೊಳ್ಳುವುದು, ಅವರೆಕಾಳು ಹಿಚುಕುವುದು, ಮೊಮ್ಮಗುವನ್ನು ಶಾಲೆಯಿಂದ ಕರೆತರುವುದು. ಯಾವುದು ಎಂದು ಅವರನ್ನೇ ಕೇಳಿ. ಬಗ್ಗಿ ಎತ್ತುವ ಭಾರ, ಸ್ಟೂಲ್ ಹತ್ತುವ ಕೆಲಸ ಬೇಡ. ಅವರು ಮಾಡಿದ್ದನ್ನು ಎದುರಿಗೇ ಮತ್ತೆ ಸರಿಮಾಡಲು ಹೋಗಬೇಡಿ. ಕಾಳು ಹಿಚುಕುವುದು ತಡವಾದರೆ ಅವತ್ತು ಊಟವೂ ಅರ್ಧ ಗಂಟೆ ತಡ ಎಂದು ಮೊದಲೇ ಮನೆಯವರಿಗೆ ಹೇಳಿಡಿ.